ನೀರು ಈಶಾನ್ಯಕ್ಕೆ, ಬಂಡೆ ನೈಋತ್ಯಕ್ಕೆ

ಮರೆಪ್ಪ ಇದ್ದದ್ದು ಕಾಮಾಕ್ಷಿಪಾಳ್ಯದ ಒಂದು ವಠಾರದ ಹಿಂದಿನ ಕೋಣೆಯಲ್ಲಿ. ಒಂದು ಮಂಚ, ಒಂದು ಸ್ಟವ್, ಬಣ್ಣದ ಡಬ್ಬಗಳು, ಗೋಡೆಗೆ ಒರಗಿಸಿದ ಆರಡಿ ಉದ್ದ ನಾಲ್ಕಡಿ ಎತ್ತರದ ಒಂದು ಪ್ಲೈವುಡ್ ಹಲಗೆ. ಹಲಗೆ ಮೇಲೆ ಕೆರೆ. ಕೆರೆ ಅಂದರೆ ಏರಿ, ಕೋಡಿ, ತಾವರೆ ಇರುವ ಊರ ಕೆರೆಯಲ್ಲ. ಮೂರು ಕಡೆಗೂ ನೆಟ್ಟಗೆ ನಿಂತ ಬಂಡೆ, ಬಂಡೆಯ ಮೈತುಂಬ ಸಿಡಿಮದ್ದು ತುಂಬಲು ಕೊರೆದ ಕುಳಿಗಳ ಸಾಲು, ಬುಡದಲ್ಲಿ ಕಡುಹಸಿರು ನೀರು. ಹಕ್ಕಿಯಿಲ್ಲ, ದೋಣಿಯಿಲ್ಲ, ಮನುಷ್ಯರಿಲ್ಲ.

ನಲವತ್ತು ವರ್ಷ ಬೋರ್ಡ್ ಬರೆದ ಕೈ ಅದು. ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಗಾರ್ಮೆಂಟ್ಸ್ ಗೇಟು. ನಡುನಡುವೆ ಹೋಟೆಲಿನವರು, ಸಲೂನಿನವರು ಸೀನರಿ ಬರೆಸುತ್ತಿದ್ದರು. ಎಂಥಾ ನೀರು ಬರೆದರೂ ಪಾರ್ಟಿ ಹೇಳುವುದು ಒಂದೇ ಮಾತು: "ಎರಡು ಹಂಸ ಹಾಕ್ಬಿಡಿ." ಮರೆಪ್ಪ ಹಾಕುತ್ತಿದ್ದ. ಆಗಲ್ಲ ಅಂತ ಯಾವ ಪಾರ್ಟಿಗೂ ಅಂದವನಲ್ಲ. ಫ್ಲೆಕ್ಸ್ ಬಂದ ಮೇಲೆ ಹಂಸಗಳೂ ಹೋದವು, ಪಾರ್ಟಿಗಳೂ ಹೋದರು. ಗೇಟಿಗೆ ಮನೆ ನಂಬರ್ ಬರೆಯುವ ಕೆಲಸವಷ್ಟೇ ಉಳಿಯಿತು.

ಈ ಹಲಗೆಯನ್ನು ಮಾತ್ರ ಯಾರೂ ಬರೆಸಿದ್ದಲ್ಲ. ಕೆಂಗೇರಿ ಆಚೆ ಒಂದು ಕಲ್ಲುಕ್ವಾರಿ ಇತ್ತು. ಒಂದು ದಿನ ತಳದಲ್ಲಿ ಸೆಲೆ ಒಡೆದು ನೀರು ನುಗ್ಗಿತು, ಪಂಪಿಟ್ಟರೂ ಬತ್ತಲಿಲ್ಲ, ಧಣಿ ಕೈಬಿಟ್ಟು ಹೋದ. ಜಲ್ಲಿ ಹೊರುತ್ತಿದ್ದ ಹೆಂಡತಿ ಪಟಾಲಮ್ಮನ ಜೊತೆ ಮರೆಪ್ಪ ಅದರ ದಡದ ಗುಡಿಸಲಿನಲ್ಲಿ ಹನ್ನೊಂದು ವರ್ಷ ಬಾಳಿದ. ಆಮೇಲೆ ಲಾರಿಗಟ್ಟಲೆ ಕಟ್ಟಡದ ಮಣ್ಣು ಸುರಿದು ಕ್ವಾರಿಯನ್ನು ಮುಚ್ಚಿದರು. ಈಗ ಅಲ್ಲಿ ಸೈಟುಗಳಿವೆ. ಪಟಾಲಮ್ಮ ಹೋಗಿ ನಾಲ್ಕು ವರ್ಷವಾಯಿತು. ಅಲ್ಲಿ ನೀರಿತ್ತು ಕಣೇ ಅಂದರೆ ಹೂಂ ಅನ್ನುವ ಜೀವ ಭೂಮಿ ಮೇಲೆ ಇನ್ನೊಂದಿಲ್ಲ. ಅದಕ್ಕೇ ಬರೆದ, ಎರಡು ವರ್ಷ ಹಿಡಿಯಿತು.

ಈಗ ವಠಾರ ಒಡೆದು ಪಿಜಿ ಕಟ್ಟುತ್ತಾರಂತೆ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಕೆಂಗೇರಿಯಲ್ಲಿರುವ ತಂಗಿ ಫೋನಿನಲ್ಲಿ ಹೇಳಿದಳು: "ಅಣ್ಣಾ, ನೀನ್ ಬಾ. ನಿನ್ ಬಂಡೆ ಎಲ್ಲಿಡ್ಲಿ, ತಲೆ ಮೇಲಾ?"

ತನಗೇನೋ ಜಾಗ ಸಿಕ್ಕಿತು, ಹಲಗೆಗೆ ಬೇಕಲ್ಲ. ನಾಲ್ಕು ಜನ ಕಣ್ಣು ಹಾಯಿಸುವ ಗೋಡೆಯೊಂದು ಸಿಕ್ಕರೆ ಸುಮ್ಮನೆ ಕೊಟ್ಟುಬಿಡುತ್ತಿದ್ದ. ಗೋವಿಂದರಾಜನಗರದಲ್ಲಿ ಮುದ್ದೆ ಹೋಟೆಲಿಟ್ಟಿರುವ ದೊಡ್ಡಣ್ಣನನ್ನು ಕೇಳಿದ. ದೊಡ್ಡಣ್ಣ ಕೋಣೆಗೇ ಬಂದು ನೋಡಿದ.

"ಕೆಲ್ಸ ಚೆನ್ನಾಗೈತೆ ಮರೆಪ್ಪಣ್ಣ. ಆದ್ರೆ ಇಂಥಾ ಬಂಡೆ ನೋಡ್ಕೊಂಡು ಯಾರ್ ಗುರು ಮುದ್ದೆ ನುಂಗ್ತಾರೆ? ಎರಡು ಹಂಸ ಬಿಡು, ನಾಳೇನೇ ಹಾಕ್ತೀನಿ."

"ಆ ನೀರಲ್ಲಿ ಹಂಸ ಇರ್ಲಿಲ್ಲ ಕಣಪ್ಪ," ಅಂದ ಮರೆಪ್ಪ.

ಆ ವಾರವೇ ಬಸವೇಶ್ವರನಗರದ ಒಂದು ಮನೆಗೆ ಗೇಟಿನ ಮೇಲೆ ಹೆಸರು ಬರೆಯಲು ಹೋದ. ಮನೆಯೊಡತಿ ವತ್ಸಲಾ, ನಿವೃತ್ತ ಟೀಚರ್. ಕಾಫಿ ಕೊಟ್ಟು, "ಅಕ್ಷರ ಮುದ್ದಾಗಿದೆ. ಚಿತ್ರಾನೂ ಬರೀತೀರಾ?" ಅಂದರು. ಮರೆಪ್ಪ ಮೊಬೈಲಿನಲ್ಲಿ ಹಲಗೆಯ ಫೋಟೋ ತೋರಿಸಿದ. ಅವರು ಕನ್ನಡಕ ಒರೆಸಿಕೊಂಡು ಎಷ್ಟೋ ಹೊತ್ತು ನೋಡಿದರು.

"ಎಲ್ಲಿ ಇದು?"

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮರೆಪ್ಪ ಹೇಳಿದ. ಅವರು ಕೇಳಿಸಿಕೊಂಡರು. ಆಮೇಲೆ, "ನಮ್ಮ ಹಾಲ್‌ಗೆ ತನ್ನಿ, ದೊಡ್ಡ ಗೋಡೆ ಇದೆ" ಅಂದರು.

ಭಾನುವಾರ ಬೆಳಗ್ಗೆ ಗೂಡ್ಸ್ ಆಟೋದಲ್ಲಿ ಹಲಗೆ ಬಂತು. ಅದು ಹಾಲಿಗೆ ಕಾಲಿಡುವಷ್ಟರಲ್ಲಿ ವತ್ಸಲಾ ಅವರ ಯಜಮಾನರು ವೆಂಕಟಗಿರಿ, ಮೊಬೈಲಿನ ದಿಕ್ಸೂಚಿಯನ್ನು ಅಂಗೈಯಲ್ಲಿಟ್ಟುಕೊಂಡು ಎದುರಿಗೆ ನಿಂತಿದ್ದರು.

"ಇದು ಈಶಾನ್ಯದ ಗೋಡೆ. ನೀರಿನ ಚಿತ್ರ ಬಂದ್ರೆ ಒಳ್ಳೇದೇ. ಆದ್ರೆ ಇದೇನಪ್ಪಾ ಇಷ್ಟೊಂದು ಬಂಡೆ? ಈಶಾನ್ಯದಲ್ಲಿ ಭಾರ ಇಡಬಾರ್ದು."

"ಚಿತ್ರ ತಾನೇ ರೀ," ಅಂದರು ವತ್ಸಲಾ.

"ಚಿತ್ರವಾದ್ರೇನು, ಬಂಡೆ ಬಂಡೇನೇ."

"ಹಾಗಾದ್ರೆ ನಿಮ್ಮ ರೂಮಿಗೆ ಹಾಕೋಣ, ಅದು ನೈಋತ್ಯ."

"ಅಲ್ಲಿ ಬಂಡೆ ಇರಬಹುದು. ನೀರು ಇರಬಾರ್ದು."

ನೀರು ಒಪ್ಪುವ ಗೋಡೆ ಬಂಡೆಯನ್ನು ಒಪ್ಪುವುದಿಲ್ಲ, ಬಂಡೆ ಒಪ್ಪುವ ಗೋಡೆ ನೀರನ್ನು ಒಪ್ಪುವುದಿಲ್ಲ. ಅಷ್ಟು ದೊಡ್ಡ ಮನೆಯ ನಡುವೆ ಮರೆಪ್ಪ ಹಲಗೆಯ ತುದಿ ಹಿಡಿದುಕೊಂಡು ನಿಂತೇ ಇದ್ದ. ಕೊನೆಗೆ ವೆಂಕಟಗಿರಿಯವರಿಗೇ ಉಪಾಯ ಹೊಳೆಯಿತು.

"ಮರದ ಹಲಗೆ ತಾನೇ? ಅಡ್ಡಕ್ಕೆ ಕೊಯ್ದುಬಿಡಿ. ನೀರು ಇಲ್ಲಿ, ಬಂಡೆ ರೂಮಲ್ಲಿ. ಎರಡು ಚಿತ್ರ ಆಗತ್ತೆ!"

ವತ್ಸಲಾ ತಲೆ ತಗ್ಗಿಸಿದರು. ಇದನ್ನು ಬಿಟ್ಟರೆ ಮರೆಪ್ಪನಿಗೆ ಬೇರೆ ಗೋಡೆಯಿಲ್ಲ, ತಿಂಗಳು ಮುಗಿಯಲು ನಾಲ್ಕೇ ದಿನ ಉಳಿದಿದೆ. ಕೊಯ್ದರೂ ಯಾರಾದರೂ ನೋಡುತ್ತಾರಲ್ಲ. ಪಾರ್ಟಿ ಹೇಳಿದ ಹಾಗೆ ಮಾಡಿ ಪಳಗಿದ ಕೈ ಚೀಲದಿಂದ ಗರಗಸ ತೆಗೆಯಿತು. ಹಲಗೆಯನ್ನು ನೆಲದ ಮೇಲೆ ಮಲಗಿಸಿ, ಬಂಡೆ ನೀರಿಗೆ ಮುಟ್ಟುವ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದ. ಎಳೆದವನು ಹಾಗೇ ಕೂತ.

"ಸಾರ್, ಕೊಯ್ದ್ರೂ ಆಗಲ್ಲ. ನೀರಿನೊಳಗೂ ಬಂಡೆ ಐತೆ. ನೆರಳು."

ವೆಂಕಟಗಿರಿಯವರು ಬಗ್ಗಿ ನೋಡಿದರು. ಹೌದು, ತಲೆಕೆಳಗಾಗಿ ಅಷ್ಟೂ ಬಂಡೆ ನೀರಿನಲ್ಲಿತ್ತು. "ಅದಕ್ಕೇನಂತೆ, ಮೇಲೊಂದು ಕೈ ನೀಲಿ ಹೊಡೆದ್ರಾಯ್ತು."

ಮರೆಪ್ಪ ಚೀಲದಲ್ಲಿದ್ದ ನೀಲಿ ಡಬ್ಬ ತೆರೆದ, ಬ್ರಷ್ ಅದ್ದಿದ. ಆ ನೆರಳನ್ನೇ ಅವನು ಏಳು ತಿಂಗಳು ಬರೆದಿದ್ದ. ಬಟ್ಟೆ ಒಗೆಯಲು ಕೂತ ಪಟಾಲಮ್ಮ ಮೊದಲ ಬಟ್ಟೆ ಅದ್ದಿದ ಕೂಡಲೇ ಆ ನೆರಳೆಲ್ಲ ಚೂರಾಗುತ್ತಿತ್ತು. ಅವಳು ಒಗೆದು ಎದ್ದ ಮೇಲೆ ನಿಧಾನವಾಗಿ ಒಂದೊಂದೇ ಕುಳಿ ಕೂಡಿಕೊಂಡು ಬಂಡೆಯಾಗುತ್ತಿತ್ತು. ಅವಳನ್ನು ಬರೆಯಲು ಅವನಿಗೆ ಧೈರ್ಯ ಬಂದಿರಲಿಲ್ಲ. ಬ್ರಷ್ಷಿನ ತುದಿಯಿಂದ ಒಂದು ನೀಲಿ ಹನಿ ನೆಲಕ್ಕೆ ಬಿತ್ತು.

"ಆಗಲ್ಲ ಸಾರ್."

ಮಾತು ಹೊರಗೆ ಬಂದಾಗ ಅವನಿಗೇ ಗಾಬರಿಯಾಯಿತು. ಹೆಗಲ ಟವೆಲಿನಿಂದ ನೆಲ ಒರೆಸಿ, ಪೆನ್ಸಿಲ್ ಗೆರೆ ಅಳಿಸಿ, ಹಲಗೆ ಎತ್ತಿದ. "ತೊಂದ್ರೆ ಕೊಟ್ಟೆ, ಬರ್ತೀನಿ ಅಮ್ಮ."

"ನಿಲ್ಲಿ ಮರೆಪ್ಪನವರೇ," ಅಂದರು ವತ್ಸಲಾ. ಗಂಡನ ಕಡೆ ತಿರುಗಿದರು. "ರೀ, ಓವರ್‌ಹೆಡ್ ಟ್ಯಾಂಕ್ ಎಲ್ಲಿ ಕಟ್ಟಿಸಿದೀರಿ?"

"ನೈಋತ್ಯದಲ್ಲೇ. ಇನ್ನೆಲ್ಲಿ ಕಟ್ಟಿಸ್ತಾರೆ?"

"ಅದರಲ್ಲಿ ನೀರಿಲ್ವಾ? ಸುತ್ತ ಕಲ್ಲು ಸಿಮೆಂಟಿಲ್ವಾ? ನೀರೂ ಭಾರಾನೂ ಒಟ್ಟಿಗೇ ನಿಮ್ಮ ತಲೆ ಮೇಲೆ ಇಪ್ಪತ್ತು ವರ್ಷದಿಂದ ಕೂತಿದೆಯಲ್ಲ, ಏನಾಯ್ತು?"

ವೆಂಕಟಗಿರಿಯವರು ಮತ್ತೆ ದಿಕ್ಸೂಚಿ ನೋಡಿದರು. "ಟೆರೇಸ್ ಆದ್ರೆ ಏನಾದ್ರೂ ಮಾಡ್ಕೊಳ್ಳಿ," ಅಂತ ಪೇಪರ್ ಎತ್ತಿಕೊಂಡರು.

ಟ್ಯಾಂಕಿನ ಕೆಳಗಿನ ಗೋಡೆಗೆ ಮರೆಪ್ಪ ಹಲಗೆಯನ್ನು ಭದ್ರವಾಗಿ ಕೂರಿಸಿದ. "ಮಳೆ ಬಿದ್ರೆ?" ಅಂದರು ವತ್ಸಲಾ.

"ಬೋರ್ಡ್ ಬರೆಯೋ ಬಣ್ಣ ಅಮ್ಮ, ಮಳೆಗೆ ಜಗ್ಗಲ್ಲ. ಹಿಂದಕ್ಕೂ ಅಂಚಿಗೂ ಎರಡು ಕೈ ಹೊಡೆದಿದೀನಿ." ಆಮೇಲೆ ಸುತ್ತ ನೋಡಿದ. ಒಣಗಿದ ತುಳಸಿ ಕುಂಡ, ಬಟ್ಟೆ ತಂತಿ, ಅಕ್ಕಪಕ್ಕದ ಮನೆಗಳ ಟ್ಯಾಂಕುಗಳು. ಇಲ್ಲಿ ನಾಲ್ಕು ಜನ ಎಲ್ಲಿ ಬರುತ್ತಾರೆ?

ಅವನ ಮುಖ ನೋಡಿ ಅವರಿಗೆ ಗೊತ್ತಾಗಿರಬೇಕು. "ದಿನಾ ಬಟ್ಟೆ ಹರವೋಕೆ ನಾನು ಬರ್ತೀನಿ. ಒಬ್ಬಳೇ, ಅಷ್ಟೆ. ಸಾಲ್ದು, ಅಲ್ವಾ?"

"ಅಲ್ಲಿ ಇದ್ದದ್ದೂ ಇಬ್ರೇ ಅಮ್ಮ."

ವತ್ಸಲಾ ಇನ್ನೊಮ್ಮೆ ಚಿತ್ರ ನೋಡಿದರು. "ನಿಮ್ಮ ಗುಡಿಸಲು ಕಾಣ್ತಾ ಇಲ್ವಲ್ಲ, ಎಲ್ಲಿ?"

"ಚಿತ್ರದಲ್ಲಿ ಬರಲ್ಲ ಅದು. ಬಾಗಿಲಲ್ಲಿ ಕೂತ್ರೆ ಇದೆಲ್ಲ ಕಾಣ್ತಿತ್ತು. ಗುಡಿಸಲು ಈಚೆಗೆ. ನೀವು ಬಕೆಟ್ ಇಟ್ಟಿದೀರಲ್ಲ, ಅಷ್ಟು ದೂರ."

ವತ್ಸಲಾ ಬಕೆಟ್ ಎತ್ತಿ ಪಕ್ಕಕ್ಕಿಟ್ಟರು. ಚಿತ್ರಕ್ಕೆ ಅಡ್ಡ ನೇತಾಡುತ್ತಿದ್ದ ಬೆಡ್‌ಶೀಟನ್ನೂ ತಂತಿಯಿಂದ ಎಳೆದು ತೋಳಿಗೆ ಹಾಕಿಕೊಂಡು, "ಬಾಗಿಲು ಮುಂದೆ ಮಾಡ್ಕೊಂಡು ಬನ್ನಿ" ಅಂತಷ್ಟೇ ಹೇಳಿ ಕೆಳಗಿಳಿದರು.

ಮರೆಪ್ಪ ಬಿಸಿ ಸಿಮೆಂಟಿನ ಮೇಲೆ ಬಕೆಟಿದ್ದ ಜಾಗದಲ್ಲಿ ಕೂತ. ಕಾಲು ಚಾಚಿದ. ತಂಗಿಯ ಮನೆಗೆ ಹೋಗಲು ಕೆಂಗೇರಿ ಬಸ್ಸುಗಳು ರಾತ್ರಿಯವರೆಗೂ ಇದ್ದವು.