ತಾವು ಧಾರು?

ನಮ್ಮ ಬಾದನಹಟ್ಟಿಯ ಬಯಲಾಟದಲ್ಲಿ ‘ಯಾರು’ ಎಂದು ಯಾರೂ ಕೇಳುವುದಿಲ್ಲ. ವೇಷ ಹಾಕಿದ ಮೇಲೆ ‘ಧಾರು’ ಎಂದೇ ಕೇಳಬೇಕು, ಅದೂ ಹೊಟ್ಟೆಯಿಂದ ಉಸಿರು ತಳ್ಳಿ. ಅಲ್ಪಪ್ರಾಣಕ್ಕೆ ಅಲ್ಲಿ ಮರ್ಯಾದೆಯಿಲ್ಲ. ಕೇಳುವವನು ಸಾರಥಿ. ರಾಜ ಬರಲಿ, ರಾಕ್ಷಸ ಬರಲಿ, ಸಾರಥಿ ಅಡ್ಡ ನಿಂತು ‘ತಾವು ಧಾರು’ ಎಂದು ವಿಚಾರಿಸದೆ ಆಟ ಮುಂದೆ ಹೋಗದು. ಎಪ್ಪತ್ತರ ದಶಕದಲ್ಲಿ ನಮ್ಮ ಮೇಳದ ಸಾರಥಿ ನಮ್ಮ ಓಣಿಯ ನನ್ನ ಗೆಳೆಯ. ಶಿವನ ಪಾತ್ರ ನನ್ನದು.

ಆ ಪಾತ್ರ ಸಿಕ್ಕಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮದು ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆ. ‘ಕಿರೀಟ ತಲಿಮ್ಯಾಲ ಕುಂತ್ರ ಸಾಕ್ಷಾತ್ ಶಿವನೇ ಬಂದು ಒಳಗ ಕೂಡ್ತಾನ’ ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಅದನ್ನು ಹಾಗೇ ನಂಬಿದ್ದೆ. ಬಳ್ಳಾರಿಯ ಹತ್ತಿ ಜಿನ್ನಿನಲ್ಲಿ ಗುಮಾಸ್ತನಾಗಿದ್ದವನು ಶನಿವಾರ ಸಂಜೆಯ ಬಸ್ಸು ಹಿಡಿದು ತಾಲೀಮಿಗೆ ಓಡಿ ಬರುತ್ತಿದ್ದೆ. ಸೋಮವಾರ ಉಪವಾಸ, ಉಳ್ಳಾಗಡ್ಡಿ ಬಂದ್, ಬೀಡಿ ಬಂದ್.

ಮೊದಲ ಆಟದ ದಿನ ಮುಖಕ್ಕೆ ಅರದಾಳದ ಹಳದಿ ಬಳಿದು, ಭುಜಕೀರ್ತಿ ಕಟ್ಟಿ, ಮರದ ಕಿರೀಟ ಏರಿಸಿದರು. ನಾನು ಕಣ್ಣು ಮುಚ್ಚಿ ಕಾದೆ. ಬಂದದ್ದು ತುರಿಕೆ. ಅರದಾಳ ಕೆನ್ನೆ ಉರಿಸಿತು, ಬೆವರು ಕಣ್ಣಿಗಿಳಿಯಿತು, ಅವನು ಮಾತ್ರ ಬರಲಿಲ್ಲ. ಮುಂದಿನ ವರ್ಷ ಬಂದಾನು ಎಂದುಕೊಂಡೆ. ಆಗಲೂ ಇಲ್ಲ. ಮೊದಮೊದಲು ಅವನ ಮೇಲೆ ಸಿಟ್ಟು ಬಂತು, ಆಮೇಲೆ ಸಿಟ್ಟು ಮಾಡಿಕೊಳ್ಳಲೂ ಅಲ್ಲಿ ಯಾರೂ ಇಲ್ಲ ಅನ್ನಿಸತೊಡಗಿತು. ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ಕಣ್ಣೆದುರು ಜಿನ್ನಿನ ಹತ್ತಿ ಅಂಡಿಗೆಗಳೇ ಕಾಣುತ್ತಿದ್ದವು.

ಇದನ್ನು ಗೆಳೆಯನಿಗೆ ಹೇಳುವುದಾದರೂ ಹೇಗೆ? ಕಿರೀಟ ಏರಿದ ಕೂಡಲೇ ಎಲ್ಲರಿಗಿಂತ ಮೊದಲು ನನ್ನ ಕಾಲಿಗೆ ಬೀಳುತ್ತಿದ್ದವನು ಅವನೇ. ಅದು ಆಟಕ್ಕಾಗಿ ಬೀಳುವುದಲ್ಲ, ಮನಸಾರೆ. ಹೇಳಿದರೆ ಅವನು ಮತ್ತೆ ನನ್ನ ಮುಖ ನೋಡಲಿಕ್ಕಿಲ್ಲ ಎಂಬ ಭಯ ನನಗೆ.

ಒಂದು ವರ್ಷ ರಾರಾವಿಯಲ್ಲಿ ಆಟ. ಗೆಳೆಯನ ಅಕ್ಕನನ್ನು ಕೊಟ್ಟ ಊರು ಅದು. ಬೆಳಕು ಹರಿಯುವ ಹೊತ್ತಿಗೆ ಆಟ ಮುಗಿದು ಮಂಗಳಾರತಿಯಾಯಿತು. ಆಮೇಲೆ ಶಿವನನ್ನು ಬೆಂಚಿನ ಮೇಲೆ ಕೂರಿಸಿ, ಅವನ ಕೈಯಿಂದ ಕೂಸುಗಳಿಗೆ ವಿಭೂತಿ ಹಚ್ಚಿಸುವುದು ಪದ್ಧತಿ. ಸಾರಥಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಾನೆ. ನಾನು ಗೋಡೆಗೆ ಸುಣ್ಣ ಬಳಿಯುವವನ ಹಾಗೆ ಹಚ್ಚುತ್ತಾ ಹೋದೆ.

ಆಗ ವಯಸ್ಸಾದ ಹೆಂಗಸೊಬ್ಬಳು ಸೊಸೆಯನ್ನು ಮುಂದೆ ದಬ್ಬಿಕೊಂಡು ಬಂದಳು. ಸೊಸೆಯ ತೋಳಲ್ಲಿದ್ದ ಕೂಸಿನ ಕುತ್ತಿಗೆ ಜೋತುಬಿದ್ದಿತ್ತು. ಹಣೆ ಮುಟ್ಟಿದರೆ ಕಾದ ಹಂಚು.

‘ಮೊನ್ನಿಂದ ಜ್ವರ ಇಳಿವಲ್ದು ಸ್ವಾಮಿ,’ ಎಂದಳು ಸೊಸೆ. ‘ಸಿರುಗುಪ್ಪಕ್ಕ ತೋರಸಾಕ ಹೋಗೂಣಂದ್ರ ನಮ್ಮತ್ತಿ ಬ್ಯಾಡ ಅಂತಾರ.’

‘ಯಾಕ ಹೋಗಬೇಕವ್ವ?’ ಅತ್ತೆ ಬಾಯಿ ಹಾಕಿದಳು. ‘ಸ್ವಾಮಿನ ನಮ್ಮೂರಿಗೆ ಬಂದಾನ. ಅವನ ಬಟ್ಟು ಬಿದ್ರ ಸಾಕು.’

ನನ್ನ ಕೈ ತಟ್ಟೆಯಲ್ಲೇ ನಿಂತಿತು. ಹಚ್ಚಿದೆನೆಂದರೆ ಕೂಸು ನೇರ ಮನೆಗೆ ಹೋಗುತ್ತದೆ. ಆಮೇಲೆ? ‘ನಾನು ಜಿನ್ನಿನ ಗುಮಾಸ್ತ, ನನ್ನ ಬೆರಳಲ್ಲಿ ಏನೂ ಇಲ್ಲ’ ಎಂದು ಕಿರೀಟ ತೆಗೆದಿಟ್ಟರೆ ಊರವರು ನನ್ನನ್ನು ಸುಮ್ಮನೆ ಬಿಟ್ಟಾರೆಯೇ? ಅದೂ ಹೋಗಲಿ, ಗುಮಾಸ್ತನ ಮಾತು ಕೇಳಿ ಆ ಅತ್ತೆ ಆಸ್ಪತ್ರೆಗೆ ಹೊರಟಾಳೆಯೇ? ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಗೆಳೆಯ ನನ್ನ ಮುಖ ನೋಡಿದ, ಕೂಸನ್ನು ನೋಡಿದ. ಆಟ ಮುಗಿದಿದ್ದರೂ ಒಂದು ಹೆಜ್ಜೆ ಮುಂದೆ ಬಂದು ಸಾರಥಿಯ ದನಿ ತೆಗೆದ: ‘ಹೇ ಕೈಲಾಸಪತೀ! ಈ ಮಾತೆಗೆ ತಮ್ಮ ಅಪ್ಪಣೆ ಏನು? ಭಾಯಿ ಬಿಟ್ಟು ಹೇಳುವಂಥವರಾಗಿರಿ!’

ಹೌದಲ್ಲ, ಅಪ್ಪಣೆ ಕೊಡಬಹುದು! ಎದ್ದು ನಿಂತು ಗೆಜ್ಜೆ ಝಲ್ಲೆನ್ನುವಂತೆ ಕಾಲು ಕುಟ್ಟಿದೆ.

‘ಎಲೌ ತಾಯೆ! ಈ ಕೂಸನ್ನೆತ್ತಿಕೊಂಡು ಈ ಕ್ಷಣವೇ ಸಿರುಗುಪ್ಪದ ಧವಾಖಾನೆಗೆ ತೆರಳುವಂಥವಳಾಗು! ಡಾಕ್ಟರನ ಸೂಜಿಯೇ ಎಮ್ಮ ತ್ರಿಶೂಲವೆಂದು ಧಿಳಿ!’

‘ಧವಾಖಾನೆ’ ಕೇಳಿ ಹಿಂದೆ ಯಾರೋ ಕಿಸಕ್ಕೆಂದರು. ಹಾರ್ಮೋನಿಯಂ ಮಾಸ್ತರರು ದೊಡ್ಡದಾಗಿ ಒಂದು ಸ್ವರ ಒತ್ತಿ ಆ ನಗೆಯನ್ನು ಮುಚ್ಚಿಬಿಟ್ಟರು. ಅತ್ತೆ ಮಾತ್ರ ನಗಲಿಲ್ಲ. ಸೆರಗೊಡ್ಡಿ ನಮಸ್ಕಾರ ಮಾಡಿ ಸೊಸೆಯನ್ನು ಗದರಿದಳು: ‘ಇನ್ನೂ ಏನ್ ನೋಡ್ತಿ, ನಡಿ! ಸ್ವಾಮಿ ಅಂದಿದ್ದು ಕೇಳ್ಸಲಿಲ್ಲೇನು?’ ಗೆಳೆಯನ ಭಾವ ಆಗಲೇ ಟ್ರ್ಯಾಕ್ಟರ್ ತರಲು ಓಡಿದ್ದರು.

ಹೊಳೆಯ ದಂಡೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾ ಕೂತಿದ್ದೆವು. ಇನ್ನು ತಡೆಯಲಾಗಲಿಲ್ಲ.

‘ಲೇ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ನನ್ನೊಳಗ ಅವ ಒಮ್ಮಿನೂ ಬಂದಿಲ್ಲ. ನನಗ ನಂಬಿಕಿನೂ ಉಳದಿಲ್ಲ.’

ಅವನು ಮೀಸೆಯ ಮಸಿ ತಿಕ್ಕುತ್ತಲೇ ಇದ್ದ. ‘ಗೊತ್ತೈತಿ ಬಿಡಲೇ. ಖರೇನ ಅವ ಬಂದಿದ್ರ ತಾವು ಧಾರು ಅಂತ ಕೇಳಾಕ ನನಗ ಧೈರ್ಯ ಇರ್ತಿತ್ತೇನು? ಓಡೇ ಹೋಗ್ತಿದ್ದೆ.’

‘ಮತ್ತ ನನ್ನ ಕಾಲಿಗೆ ಬೀಳ್ತಿದ್ದೆಲ್ಲ?’

‘ಕಿರೀಟಕ್ಕ ಬೀಳ್ತಿದ್ದೆ. ನಿನಗ ಬೀಳಾಕ ನಾ ಏನು ಹುಚ್ಚ ಅದೀನೇನು?’

ನನಗೆ ನಗುವೂ ಬಂತು, ಅಳುವೂ ಬಂತು. ಅವನ ದೇವರು ಅವನಿಗಿದ್ದ, ನನ್ನ ಗೆಳೆಯ ನನಗಿದ್ದ. ಇಷ್ಟು ಸಲೀಸೆಂದು ಗೊತ್ತಿದ್ದರೆ ಆ ವರ್ಷಗಳಲ್ಲಿ ಎಷ್ಟೊಂದು ನಿದ್ದೆ ಉಳಿಯುತ್ತಿತ್ತು. ಆದರೂ ಕೂಸಿನ ಚಿಂತೆ ಬಳ್ಳಾರಿಯವರೆಗೂ ನನ್ನ ಬೆನ್ನು ಹತ್ತಿತು. ಮುಂದಿನ ಶನಿವಾರ ಊರಲ್ಲಿ ಬಸ್ಸಿಳಿಯುವ ಮೊದಲೇ ಅವನು ಕಟ್ಟೆಯಿಂದ ಕೂಗಿದ: ‘ಇಳದೈತಲೇ! ಜ್ವರ ಇಳದೈತಿ!’

ಎಷ್ಟೋ ದಿನಗಳ ಮೇಲೆ ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಆ ಅತ್ತೆಯನ್ನು ಕಂಡೆ. ಸೊಂಟದ ಮೇಲೆ ಮೊಮ್ಮಗು, ಅದರ ಮುಷ್ಟಿಯಲ್ಲಿ ಮಂಡಕ್ಕಿ. ಪಕ್ಕದವಳಿಗೆ ಅವಳು ಸ್ವಾಮಿ ಖುದ್ದು ಬಂದು ‘ಧವಾಖಾನಿ’ಗೆ ಕಳಿಸಿದ ಕಥೆ ಹೇಳುತ್ತಿದ್ದಳು. ನಾನು ನೋಡುತ್ತಲೇ ನಿಂತಿದ್ದೆ. ಬಣ್ಣವಿಲ್ಲದ ಮುಖ, ಅವಳಿಗೆ ಗುರುತು ಹತ್ತಲಿಲ್ಲ.

‘ಯಾಕಪ್ಪ ಹಂಗ ನೋಡ್ತಿ? ನೀ ಯಾರು?’

ಅವಳ ಬಾಯಲ್ಲಿ ಅದು ಬರೀ ‘ಯಾರು’.

‘ಬಳ್ಳಾರಿಯಾಗ ಹತ್ತಿ ಜಿನ್ನಿನ ಗುಮಾಸ್ತ ಅದೀನಮ್ಮ,’ ಎಂದೆ. ನಾಲಿಗೆ ಒಂದಿಷ್ಟೂ ತೊಡರಲಿಲ್ಲ.

‘ಒಳ್ಳೇದಪ್ಪ. ಒಮ್ಮಿ ನಮ್ಮೂರ ಆಟಕ್ಕ ಬಾ. ಅವ ಖರೇನ ಬರ್ತಾನ.’

‘ಬರ್ತೀನಮ್ಮ,’ ಎಂದೆ.

ಕೂಸು ಮಂಡಕ್ಕಿಯ ಮುಷ್ಟಿಯನ್ನು ನನ್ನ ಕಡೆ ಚಾಚಿತು. ಅದರ ಬೆರಳು ಬಿಡಿಸಿ ಒಂದು ಕಾಳು ತೆಗೆದುಕೊಂಡೆ. ಅದರ ಅಂಗೈ ತಣ್ಣಗಿತ್ತು.