ಮೂಲೆ ಮಡಚಿದ ಲೇಬಲ್

ಇಪ್ಪತ್ತಾರು ವರ್ಷ ಮೀನಿನ ಡಬ್ಬಿಗಳಿಗೆ ಲೇಬಲ್ ಅಂಟಿಸಿ ನಿವೃತ್ತಳಾದ ಡಬ್ಬಿ ಅಕ್ಕನಿಗೆ ಯಾವ ಲೇಬಲ್ ಮೇಲೂ ನಂಬಿಕೆಯಿರಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆಯ ದಿನಾಂಕವನ್ನೂ ಅವರೆದುರೇ ಕನ್ನಡಕ ಏರಿಸಿ ಓದುವಳು. ಯಾರಾದರೂ ಸುಮ್ಮನೆ ನಕ್ಕರೆ, ಇವರಿಗೇನು ಬೇಕಾಗಿದೆಯೋ ಎಂದು ಹುಬ್ಬು ಗಂಟಿಕ್ಕುವ ಹೆಂಗಸು.

ಹಾಗಾಗಿ ಅವಳೂ ಸೇರಿದ್ದ ಗ್ರಾಹಕರ ಸಂಘ ಗೆದ್ದ ದಿನ ಅವಳೊಬ್ಬಳೇ ನಗಲಿಲ್ಲ. ದೊಡ್ಡ ಬಲೆ ಬೀಸಿ ಮರಿಮೀನು, ಆಮೆ ಎಲ್ಲವನ್ನೂ ಬಾಚಿ ತಂದ ಟ್ಯೂನಾ ನಮಗೆ ಬೇಡ, ಗಾಳ ಹಾಕಿ ಒಂದೊಂದಾಗಿ ಹಿಡಿದದ್ದನ್ನು ಕೊಡಿ ಎಂದು ಸಂಘದವರು ಎರಡು ವರ್ಷ ಅಂಗಡಿಗಳ ಮುಂದೆ ನಿಂತಿದ್ದರು. ಕೊನೆಗೆ ಅವಳು ದುಡಿದಿದ್ದ ಕಾರ್ಖಾನೆಯೇ ಮಣಿದು, ನೀಲಿ ಲೇಬಲಿನ ಪಕ್ಕದಲ್ಲಿ 'ಗಾಳದ ಮೀನು' ಎಂಬ ಹಸಿರು ಲೇಬಲಿನ ಡಬ್ಬಿ ಇಟ್ಟಿತು. ಸಂಘದ ಅಧ್ಯಕ್ಷರಾದ ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು.

"ಎರಡು ವರ್ಷ ಜಗ್ಗದೋರು ಈಗ ತಟ್ಟನೆ ಒಪ್ಪಿದ್ರು ಅಂದ್ರೆ ಏನೋ ಇದೆ ಮೇಷ್ಟ್ರೇ," ಎಂದಳು ಅಕ್ಕ.

"ಗೆದ್ದಾಗಲಾದ್ರೂ ಸ್ವಲ್ಪ ನಗಿ ಅಕ್ಕಾ."

ಮನೆಗೆ ಬಂದು ಮಗಳನ್ನು ಕೇಳಿದಳು. ಅಮ್ಮ ಬಿಟ್ಟ ಮೇಜಿನಲ್ಲೇ ಈಗ ಮಗಳು ಲೇಬಲ್ ಅಂಟಿಸುತ್ತಿದ್ದಳು. "ನಂಗೇನು ಗೊತ್ತಮ್ಮ, ಕೊಟ್ಟ ಕಾಗದ ಅಂಟಿಸ್ತೀನಿ," ಎಂದು ಅವಳು ಊಟದ ತಟ್ಟೆ ಎತ್ತಿಕೊಂಡು ಎದ್ದುಬಿಟ್ಟಳು. ಹೆತ್ತ ಮಗಳೇ ಕಂಪನಿ ಕಡೆ ವಾಲಿದಳಲ್ಲ ಎಂದು ಅಕ್ಕನಿಗೆ ಸಂಕಟವಾಯಿತು.

ವಾರ ಕಳೆದ ಮೇಲೆ ಸಂಘದ ಬಾಗಿಲಲ್ಲಿ ಯಾರೋ ಒಂದು ಚೀಲ ಇಟ್ಟು ಹೋಗಿದ್ದರು. ಒಳಗೆ ಎರಡು ಡಬ್ಬಿ, ಒಂದು ನೀಲಿ, ಒಂದು ಹಸಿರು. ಎರಡರ ಮುಚ್ಚಳದಲ್ಲೂ ಒಂದೇ ಸಂಖ್ಯೆ! ಮೀನು ತುಂಬಿ ಮುಚ್ಚುವಾಗಲೇ ಆ ಸಂಖ್ಯೆ ಒತ್ತುತ್ತಾರೆ, ಲೇಬಲ್ ಅಂಟಿಸುವುದು ಎಷ್ಟೋ ದಿನಗಳ ಮೇಲೆ. ಅಂದರೆ ಮೀನು ಒಂದೇ ರಾಶಿಯದು, ಬೇರೆಯಾದದ್ದು ಕಾಗದ ಮಾತ್ರ.

"ಸೋಮವಾರ ಕಾರ್ಖಾನೆ ಮ್ಯಾನೇಜರ್ ಸಂಘಕ್ಕೆ ಬರ್ತಾರಲ್ಲ, ಮುಖಕ್ಕೇ ಹಿಡಿಯೋಣ," ಎಂದರು ಮೇಷ್ಟ್ರು.

ಇದು ಕಂಪನಿಯವರೇ ಒಡ್ಡಿದ ಬೋನು ಇರಬಹುದೆಂದು ಅಕ್ಕ ಡಬ್ಬಿಗಳನ್ನು ಮನೆಗೆ ತಂದು ಕಿಟಕಿ ಬೆಳಕಿಗೆ ಹಿಡಿದಳು. ಹಸಿರು ಲೇಬಲಿನ ಕೆಳಮೂಲೆ ಉಗುರಿನಷ್ಟು ಒಳಕ್ಕೆ ಮಡಚಿತ್ತು. ಕಾಗದ ಏಳದಿರಲೆಂದು ಹಾಗೆ ಮಡಚುವುದು ಅವಳದೇ ಕೈಚಳಕ. ಅದನ್ನು ಕಲಿಸಿದ್ದು ಮಗಳೊಬ್ಬಳಿಗೇ. ಈ ಮ್ಯಾನೇಜರ್ ಸೂಪರ್‌ವೈಸರ್ ಆಗಿದ್ದಾಗ ಅದಕ್ಕಾಗಿ ಅಕ್ಕನನ್ನು ಬೈಯದ ದಿನವಿಲ್ಲ. ಅವನು ಮೂಲೆ ನೋಡಿದರೆ ಸಾಕು, ಚೀಲ ತಂದಿಟ್ಟವಳು ಯಾರೆಂದು ತಿಳಿದು ಮಗಳ ಕೆಲಸ ಹೋಗುತ್ತಿತ್ತು.

ಮೂರು ದಿನ ಅಕ್ಕ ಅಂಗಡಿ ಅಂಗಡಿ ಅಲೆದಳು. ಸಾಲು ಸಾಲು ಡಬ್ಬಿಗಳನ್ನು ತಲೆಕೆಳಗು ಮಾಡುವ ಮುದುಕಿಯ ಹಿಂದೆಯೇ ಕಾವಲುಗಾರ ಸುತ್ತುತ್ತಿದ್ದ. ಸುತ್ತಲಿ, ಅನುಮಾನ ಪಡುವವನನ್ನು ಕಂಡರೆ ಅವಳಿಗೆ ಗೌರವವೇ. ಭಾನುವಾರ ಸಂಜೆ, ಒಂದೇ ಸಂಖ್ಯೆಯ ನೀಲಿ ಹಸಿರು ಜೋಡಿ ಸಿಕ್ಕಿತು. ಮೂಲೆಗಳು ನೆಟ್ಟಗಿದ್ದವು.

ಸೋಮವಾರ ಮ್ಯಾನೇಜರ್ ಸಂಖ್ಯೆ ನೋಡಲೇ ಇಲ್ಲ, ಮೊದಲು ಲೇಬಲಿನ ಅಂಚು ಸವರಿದ. "ಇದನ್ನ ಯಾರು ಕೊಟ್ಟಿದ್ದು?"

"ಅಂಗಡಿಯವರು," ಎಂದು ಅಕ್ಕ ಬಿಲ್ ಮುಂದಿಟ್ಟಳು. ಅವನ ಮುಖ ಇಂಗು ತಿಂದ ಮಂಗನಂತಾಯಿತು. ಮರುದಿನವೇ ಹಸಿರು ಡಬ್ಬಿಗಳು ಅಂಗಡಿಗಳಿಂದ ಮಾಯವಾದವು.

ಅಂದು ಸಂಜೆ ಅವಳು ಚೀಲದ ಡಬ್ಬಿಗಳನ್ನು ನೀರಲ್ಲಿ ನೆನೆಹಾಕಿ ಲೇಬಲ್ ಕೀಳುತ್ತಿದ್ದಾಗ ಮಗಳು ಬಂದು ನಿಂತಳು.

"ನಂಗೆ ಯಾಕೆ ಹೇಳಲಿಲ್ಲ?" ಎಂದಳು ಅಕ್ಕ.

"ಹೇಳಿದ್ರೆ ನೀನು ಮೊದಲು ನನ್ನನ್ನೇ ಅನುಮಾನಿಸ್ತಿದ್ದೆ."

ಹೇಳದೆಯೂ ಅನುಮಾನಿಸಿದ್ದಳು. ಅಕ್ಕನಿಗೆ ನಾಚಿಕೆಯಾಯಿತು. ಉಳಿದ ಲೇಬಲೆಲ್ಲ ಬಿಟ್ಟುಕೊಂಡರೂ ಆ ಮಡಚಿದ ಮೂಲೆ ಮಾತ್ರ ಡಬ್ಬಿಯಿಂದ ಏಳಲೊಲ್ಲದು.

"ಇನ್ಮೇಲೆ ಮೂಲೆ ಮಡಚಬೇಡ ಕಣೇ," ಎಂದಳು. ತನ್ನದೆಂದು ಅವಳು ಮಗಳಿಗೆ ಕೊಟ್ಟದ್ದು ಅದೊಂದೇ.

ಮಗಳು ತಲೆಯಾಡಿಸಿದಳು.

"ಒಂದೇ ದಿನಕ್ಕೆ ಬಿಟ್ಟುಬಿಡಬೇಡ ಮತ್ತೆ," ಎಂದಳು ಅಮ್ಮ ಬಾಗಿಲ ಕಡೆ ನೋಡುತ್ತ. "ಅವರಿಗೆ ಅನುಮಾನ ಬರುತ್ತೆ."