ಅವರಿಗೂ ಕೇಳಿಸುವ ಹಾಡು

ವಿಜಯಪುರದ ಅಥಣಿ ರಸ್ತೆಯ ನಮ್ಮ ಮನೆಯ ಹತ್ತಿರ ಹೋದ ವಾರ ಹೊಸ ಗಿರಣಿ ಶುರುವಾಯಿತು. ಪ್ಯಾಕೆಟ್ ಹಿಟ್ಟಿಗೆ ಬೇಸತ್ತಿದ್ದ ನಾನು ಮೊದಲ ದಿನವೇ ಜೋಳ ಹೊತ್ತುಕೊಂಡು ಹೋದೆ. ಮನೆಗೆ ಬಂದು ಡಬ್ಬಿಯ ಮುಚ್ಚಳ ತೆಗೆದರೆ ಇನ್ನೂ ಬಿಸಿಯಿದ್ದ ಹಿಟ್ಟಿನ ವಾಸನೆ ಮುಖಕ್ಕೆ ಬಡಿಯಿತು. ಅದರ ಹಿಂದೆಯೇ ತಿಕೋಟಾದ ಗಿರಣಿ ಕಾಕು ನೆನಪಿಗೆ ಬಂದರು...

ಮದುವೆಯಾಗಿ ನಾನು ತಿಕೋಟಾಕ್ಕೆ ಹೋದಾಗ ಅವರು ನಮ್ಮ ಪಕ್ಕದ ಮನೆಯವರು, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಹಿಟ್ಟಿನ ಗಿರಣಿ ಅವರದೇ. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ಕಿವಿ ಮಾತ್ರ ಬಲು ಚುರುಕು. ಕಲ್ಲಿನ ಸಪ್ಪಳದಿಂದಲೇ ಹಿಟ್ಟು ಸಣ್ಣಗಾಯಿತೋ ತರಿಯಾಯಿತೋ ಹೇಳುತ್ತಿದ್ದರು. ನನ್ನ ಹೆಜ್ಜೆಯ ಸಪ್ಪಳ ಕೇಳಿ, "ಯಾಕ ಬೇ, ಇವತ್ತ ಮಾರಿ ಸಣ್ಣ ಮಾಡ್ಕೊಂಡೀ?" ಎಂದು ಕೇಳಿದ್ದೂ ಉಂಟು.

ಭಾನುವಾರ ಸಂಜೆ ಟೀವಿಯಲ್ಲಿ ಸಿನಿಮಾ ಬರುವ ಹೊತ್ತಿಗೆ ಗೋಡೆ ಹಿಡಿದುಕೊಂಡು ನಮ್ಮ ಪಡಸಾಲೆಗೆ ಬರುತ್ತಿದ್ದರು. ಕಾಣುವುದನ್ನೆಲ್ಲ ಹೇಳುತ್ತ ಕೂರುವುದು ನನ್ನ ಪಾಲಿನ ಕೆಲಸ. ಹಾಡು ಶುರುವಾಯಿತೆಂದರೆ ಅವರದು ಒಂದೇ ಪ್ರಶ್ನೆ.

"ಇದು ಅವರಿಗೂ ಕೇಳಸ್ತೈತೇನ ಬೇ, ಬರೇ ನಮಗಷ್ಟನ?"

ಮೊದಮೊದಲು ನನ್ನ ತಲೆಗೆ ಹೋಗಲಿಲ್ಲ. ಅವರೇ ಬಿಡಿಸಿ ಹೇಳಿದರು. "ಪಿಚ್ಚರದಾಗಿನ ಮಂದಿ ರೇಡಿಯೋ ಹಚ್ಚಿ ಕೇಳ್ತಾರಲ್ಲ, ಅದು ಅವರ ಹಾಡು. ಅವರು ಬಂದ್ ಮಾಡಿದ್ರ ನಿಂತಬಿಡ್ತೈತಿ. ಅವರು ಏನ ಮಾಡಿದ್ರೂ ನಿಲ್ಲಲಾರದ್ದು ನಮ್ಮ ಹಾಡು." ಎರಡು ಕಣ್ಣಿಟ್ಟುಕೊಂಡು ಅಷ್ಟು ವರ್ಷ ಸಿನಿಮಾ ನೋಡಿದ್ದ ನನಗೆ ಇದು ಹೊಳೆದೇ ಇರಲಿಲ್ಲ.

ಕಾಕುವಿಗೆ ಸಾರವಾಡದಲ್ಲಿ ಒಬ್ಬ ಅಕ್ಕ. ಆರು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಕಣ್ಣು ಹೋದ ಹೊಸತರಲ್ಲಿ, ಅಕ್ಕನ ಮಗನ ಮದುವೆಯಲ್ಲಿ ಕಾಕು ಆರತಿ ತಟ್ಟೆಗೆ ಕೈ ಚಾಚಿದಾಗ, "ಆಕಿನ್ನ ಒಂದ ಕಡಿ ಕುಂದರಸ್ರಿ" ಎಂದು ಅಕ್ಕ ಮಂದಿಯ ಮುಂದೆ ಅಂದುಬಿಟ್ಟಿದ್ದರಂತೆ. ಕಾಕು ಉಣ್ಣದೆ ಬಸ್ಸು ಹತ್ತಿ ವಾಪಸು ಬಂದಿದ್ದರು. ಫೋನು ಇದ್ದದ್ದು ನಮ್ಮ ಮನೆಯಲ್ಲಿ. ತಿಂಗಳಿಗೊಮ್ಮೆ ಅಕ್ಕ ಫೋನು ಮಾಡುತ್ತಿದ್ದರು. "ಇಲ್ಲಂತ ಹೇಳು" ಎಂದು ಕಾಕು ನನ್ನ ಎದುರಿಗೇ ಕೂತು ಹೇಳುತ್ತಿದ್ದರು. ನಾನು ಹಾಗೇ ಹೇಳಿ ಇಡುತ್ತಿದ್ದೆ. ಆಮೇಲೆ ಅವರ ಮುಖ ನೋಡಲಾಗುತ್ತಿರಲಿಲ್ಲ.

ಒಂದು ಭಾನುವಾರದ ಸಿನಿಮಾದಲ್ಲಿ ಅಣ್ಣನೊಬ್ಬ ತಂಗಿಯನ್ನು ಮನೆಯಿಂದ ಹೊರಗೆ ಹಾಕಿದ್ದ. ತಂಗಿ ರೇಡಿಯೋದಲ್ಲಿ ಹಾಡುವವಳಾದಳು. ಅವಳ ಹಾಡು ಬರುವ ಹೊತ್ತಿಗೆ ಸರಿಯಾಗಿ ಅತ್ತೆ ನನ್ನನ್ನು ರೊಟ್ಟಿಗೆ ಎಬ್ಬಿಸಿದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಿಂದ ಕಾಕುವಿನ ದನಿ ಬಂತು.

"ಅಂವಗ ಕೇಳಸ್ತೈತೇನ ಬೇ?"

"ಹೂಂನ್ರಿ ಕಾಕು, ಕೇಳಾಕತ್ಯಾನ್ರಿ."

"ನೋಡಿ ಹೇಳಾಕತ್ತೀಯೇನ?"

"ಬಾಗಲದಾಗ ನಿಂತು ನೋಡಾಕತ್ತೇನ್ರಿ. ಅಳಾಕತ್ಯಾನ."

ಕೂತಲ್ಲಿಂದ ಕದಲದೆ ಅಂದ ಸುಳ್ಳು. ಕೈ ನಿಲ್ಲಿಸದೆ ರೊಟ್ಟಿ ಬಡಿಯುತ್ತಲೇ ಇದ್ದೆ. ಆಮೇಲೆ ಕಾಕು, "ನಿನ್ನ ರೊಟ್ಟಿ ಹೊತ್ತಾಕತ್ತೈತಿ ನೋಡು" ಎಂದರು. ಅಷ್ಟರಲ್ಲಿ ಕರೆಂಟು ಹೋಯಿತು. ಆ ಅಣ್ಣ ಕೊನೆಗೆ ಏನು ಮಾಡಿದನೋ ನನಗೂ ತಿಳಿಯಲಿಲ್ಲ.

ಮುಂದಿನ ಸಲ ಸಾರವಾಡದ ಫೋನು ಬಂದಾಗ "ಇಲ್ಲ್ರಿ" ಎನ್ನಲು ನಾನು ಬಾಯಿ ತೆರೆದಿದ್ದೆ. ಕಾಕು ಕೈ ಚಾಚಿದರು. "ಕೊಡು ಇಲ್ಲಿ." ನಾನು ಕೊಟ್ಟೆ. "ಹೇಳಬೇ ಅಕ್ಕಾ" ಎಂದರು, ಅಷ್ಟೇ. ಅಕ್ಕ ಬಸ್ಸು ಹಿಡಿದು ಬಂದು ಎಂಟು ದಿನ ಇದ್ದರು. ಗಿರಣಿಯ ಗದ್ದಲದಲ್ಲಿ ಇಬ್ಬರೂ ಕಿರಿಚಿ ಕಿರಿಚಿ ಹರಟೆ ಹೊಡೆದರು.

ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಕಾಕು ಕಂಡವರ ಮುಂದೆಲ್ಲ, "ಪಿಚ್ಚರದಾಗಿನ ಅಣ್ಣನೂ ತಂಗಿ ಹಾಡ ಕೇಳಿದ, ನಾ ಯಾಕ ಅಕ್ಕನ ಮಾತ ಕೇಳಬಾರ್ದು?" ಎನ್ನುವಾಗ ನಾನು ಏನಾದರೂ ನೆಪ ಹೇಳಿ ಒಳಗೆ ಹೋಗಿಬಿಡುತ್ತಿದ್ದೆ. ಅವನು ಕೇಳದೇ ಇದ್ದಿದ್ದರೆ? ಅದೇ ಸಿನಿಮಾ ಮತ್ತೆ ಬಂದ ಎರಡು ಸಲವೂ "ಟೀವಿ ಕೆಟ್ಟೈತ್ರಿ ಕಾಕು" ಎಂದು ತಪ್ಪಿಸಿಕೊಂಡೆ. ಮುಂದೆ ನಾವು ವಿಜಯಪುರಕ್ಕೆ ಬಂದೆವು. ಕಾಕು ಹೋದ ಸುದ್ದಿ ಬಂದಾಗಲೂ ಆ ಸುಳ್ಳು ನನ್ನ ಹೊಟ್ಟೆಯಲ್ಲೇ ಇತ್ತು...

ಹಿಟ್ಟು ತಂದ ಸಂಜೆ ಹಂಚಿನ ಮೇಲೆ ರೊಟ್ಟಿ ಹಾಕಿ, ಫೋನನ್ನು ಡಬ್ಬಿಗೆ ಆನಿಸಿಟ್ಟು ಆ ಸಿನಿಮಾ ಹುಡುಕಿದೆ. ಸಿಕ್ಕಿತು. ಅಣ್ಣ ನಮಗೆ ಬೆನ್ನು ಮಾಡಿ ಕೂತಿದ್ದಾನೆ. ತಂಗಿಯ ಹಾಡು ಶುರುವಾಗುತ್ತದೆ. ಎದ್ದು ರೇಡಿಯೋ ಬಂದ್ ಮಾಡುತ್ತಾನೆ. ಟಕ್. ಹಾಡು ನಿಂತಿತು. ಅವನು ಹಾಗೇ ನಿಂತಿದ್ದಾನೆ. ಮತ್ತೆ ಟಕ್. ಹಾಡು ಬಂತು, ಎರಡು ಸಾಲು ಮುಂದಿನಿಂದ. ಅವನು ಅಳುವುದಿಲ್ಲ, ಮುಖವನ್ನೂ ತೋರಿಸುವುದಿಲ್ಲ.

ರೊಟ್ಟಿ ಬಡಿಯುವ ಸಪ್ಪಳದಲ್ಲಿ ನನಗೆ ಕೇಳಿಸದ ಆ ಎರಡು ಟಕ್ ಕಾಕುವಿಗೆ ಕೇಳಿಸದೆ ಇದ್ದೀತೇ? ಹಾಡು ನಿಂತದ್ದೂ ಗೊತ್ತು, ಅವನು ಸೋತು ಮತ್ತೆ ಹಚ್ಚಿದ್ದೂ ಗೊತ್ತು. ಬಾಗಿಲಲ್ಲಿ ನಿಂತವಳ ಕೈಯಿಂದ ರೊಟ್ಟಿಯ ಸಪ್ಪಳ ಬರುವುದಿಲ್ಲವೆಂಬುದೂ ಗೊತ್ತು. ಅಕ್ಕನನ್ನು ಕರೆಸಿದ್ದು ನನ್ನ ಸುಳ್ಳಲ್ಲ, ಆ ಎರಡು ಟಕ್. ಇಷ್ಟು ವರ್ಷದ ಭಾರ ಇಳಿದು ಒಬ್ಬಳೇ ಜೋರಾಗಿ ನಕ್ಕೆ. ಈಗಲೇ ಗೋಡೆಯಾಚೆಗೆ ಕೂಗಿ ಕಾಕುವಿಗೆ ಹೇಳಬೇಕೆನಿಸಿತು.

ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಪೂರ್ತಿ ಹೊತ್ತಿತ್ತು. ಹೇಳಲು ಕಾಕು ಇರಲಿಲ್ಲ.